ತೂತಿನ ಅಂಚು

ಹನ್ನೆರಡನೇ ತಾರೀಖು, ಸೋಮವಾರ, ಬೆಳಿಗ್ಗೆ 8.40ಕ್ಕೆ ತೋಪು ಕಾರ್ಖಾನೆಯ ಜನರಲ್ ಮ್ಯಾನೇಜರ್ ಖುದ್ದಾಗಿ ಠಾಣೆಗೆ ಬಂದರು. ದೂರನ್ನು ಟೈಪು ಮಾಡಿಸಿಯೇ ತಂದಿದ್ದರು. ಕಾರ್ಖಾನೆ ಹನ್ನೊಂದು ವರ್ಷ ಹೆಣಗಿ ಸ್ವಂತವಾಗಿ ರೂಪಿಸಿದ ಟ್ಯಾಂಕ್ ತೋಪಿನ ನಳಿಕೆಗೆ ಭಾನುವಾರ ಯಾರೋ ತೂತು ಕೊರೆದಿದ್ದರು. ಗುರುವಾರ ಅದರಿಂದ ಗುಂಡು ಹಾರಿಸುವ ಪರೀಕ್ಷೆ ನಡೆಯಬೇಕಿತ್ತು.

"ಪರೀಕ್ಷೆ ನಡೀದಿದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಹೊರದೇಶದ ತೋಪಿಗೆ ಲೈಸೆನ್ಸ್ ತಗೊಂಡು ಇಲ್ಲೇ ಮಾಡ್ತೀವಿ. ಕಡತ ಸಹಿಗೆ ಕಾದಿದೆ."

ಹನ್ನೊಂದು ವರ್ಷ ಹಾಳಾದ ದುಃಖ ಆ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. 9.15ಕ್ಕೆ ಎಫ್‌ಐಆರ್ ದಾಖಲಾಯಿತು: ವಿಧ್ವಂಸಕ ಕೃತ್ಯ, ಆರೋಪಿ ಅಪರಿಚಿತ.

10.30ಕ್ಕೆ ಶೆಡ್ಡಿನಲ್ಲಿ, ಇಬ್ಬರು ಉಗ್ರಾಣ ಗುಮಾಸ್ತರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ನಳಿಕೆಯ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಹೆಡ್ ಕಾನ್ಸ್‌ಟೇಬಲ್ ಬೆರಳಾಡಿಸಿ ನೋಡಿದ.

"ಸಾರ್, ನಮ್ಮನೆ ಬಾಗಿಲು ಮಾಡಿದ ಬಡಗಿಗೂ ಇಷ್ಟು ನಯ ಬರ್ಲಿಲ್ಲ."

ಇನ್ಸ್‌ಪೆಕ್ಟರೂ ಮುಟ್ಟಿ ನೋಡಿದರು. ಲೋಹ ಕೊರೆದರೆ ಅಂಚಿನಲ್ಲಿ ಮುಳ್ಳು ಏಳುತ್ತದೆ. ಇಲ್ಲಿ ಅದನ್ನು ಯಾರೋ ಅರ ಹಾಕಿ ಉಜ್ಜಿ ತೆಗೆದಿದ್ದರು. ನೆಲದ ಪುಡಿಯನ್ನೂ ಗುಡಿಸಿದ್ದರು. ಹಾಳು ಮಾಡಲು ಬಂದವನಿಗೆ ಅಂಚಿನ ಉಸಾಬರಿ ಯಾಕೆ?

ಮಂಗಳವಾರ ಶೆಡ್ಡಿನ ಹದಿನೆಂಟು ಜನರ ವಿಚಾರಣೆ. ಹೇಳಿಕೆಗೆ ಸಹಿ ಹಾಕಲು ಹೆಡ್ ಕಾನ್ಸ್‌ಟೇಬಲ್ ತನ್ನ ಹಳೇ ತಗಡಿನ ಪ್ಯಾಡನ್ನೇ ಕೊಡುತ್ತಿದ್ದ. ಎರಡು ವರ್ಷದಿಂದ ಅದರ ಸೀಳಿದ ಮೂಲೆ ಅವನನ್ನು ಗೀರುತ್ತಲೇ ಇತ್ತು. ಹದಿನೇಳು ಜನ ಬೆರಳು ಚೀಪಿಕೊಂಡು, ಗೊಣಗಿ, ಸಹಿ ಹಾಕಿ ಹೋದರು.

ಕೊನೆಗೆ ಬಂದವನು ಹಿರಿಯ ಫಿಟ್ಟರ್. ಜೇಬಿನಲ್ಲಿ ಸದಾ ಪುಟ್ಟ ಅರ ಇರುವುದರಿಂದ ಎಲ್ಲರಿಗೂ ಅವನು ಅರದಣ್ಣ.

"ಈ ನಳಿಕೆ ಕೆಲಸದಲ್ಲಿ ಎಷ್ಟು ವರ್ಷ?" ಇನ್ಸ್‌ಪೆಕ್ಟರ್ ಕೇಳಿದರು.

"ಹನ್ನೊಂದೂ."

"ಭಾನುವಾರ ಎಲ್ಲಿದ್ರಿ?"

"ಮನೇಲಿ. ಮನೆಯವಳನ್ನ ಕೇಳಿ."

"ಕೇಳಿದ್ವಿ. 'ಅವರು ಭಾನುವಾರ ಮನೇಲಿರೋ ಗಂಡಸಾಗಿದ್ರೆ ನಮ್ಮ ನಲ್ಲಿ ಯಾವತ್ತೋ ಸೋರೋದು ನಿಲ್ಲಿಸ್ತಿತ್ತು' ಅಂದ್ರು."

ಅರದಣ್ಣ ನಗಲಿಲ್ಲ. ಪ್ಯಾಡು ಎತ್ತಿಕೊಂಡ. ಹೆಬ್ಬೆರಳು ಸೀಳಿದ ಮೂಲೆಗೆ ತಾಗಿತು. ಕೈ ತಾನಾಗಿ ಜೇಬಿಗೆ ಹೋಯಿತು. ಅರದಿಂದ ಮೂರೇ ಮೂರು ಎಳೆತ, ಪುಡಿಯನ್ನು ಊದಿ, ಬೆರಳಾಡಿಸಿ ಪರೀಕ್ಷಿಸಿ, ಆಮೇಲೆ ಸಹಿ ಹಾಕಿದ. ತಲೆ ಎತ್ತಿದಾಗ ಇಬ್ಬರೂ ತನ್ನ ಕೈಯನ್ನೇ ನೋಡುತ್ತಿದ್ದರು. ಅವನು ಅರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಯಾಕಣ್ಣ?" ಇನ್ಸ್‌ಪೆಕ್ಟರರ ದನಿ ಪೊಲೀಸರದಾಗಿರಲಿಲ್ಲ.

"ಉಕ್ಕು ಫೇಲಾದದ್ದು ಸಾರ್. ನಾವು ಕೇಳಿದ ಉಕ್ಕು ಕೊಡ್ಲಿಲ್ಲ, ತಿರಸ್ಕಾರ ಮಾಡಿಟ್ಟಿದ್ದ ಗಟ್ಟಿ ಕೊಟ್ರು. ಕಡೆಯುವಾಗ್ಲೇ ಗೊತ್ತಾಯ್ತು, ಸುರುಳಿ ಬರದೆ ಪುಡಿ ಉದುರ್ತಿತ್ತು. ಹಾರಿಸಿದ್ರೆ ನಳಿಕೆ ಸಿಡಿಯುತ್ತೆ ಅಂತ ಮೂರು ಪತ್ರ ಬರೆದೆ. ದೂರದಿಂದ ಹಗ್ಗ ಎಳೆದು ಹಾರಿಸೋಣ ಅಂದೆ. ಗಣ್ಯರು ಬರ್ತಾರೆ, ಟ್ಯಾಂಕಲ್ಲೇ ಕೂತು ಹಾರಿಸಬೇಕು ಅಂದ್ರು. ಒಳಗೆ ನಾಲ್ಕು ಜನ ಕೂರ್ತಾರೆ ಸಾರ್."

"ಹಾರಿಸದಿದ್ರೂ ನಿಮ್ಮ ತೋಪಿನ ಕತೆ ಮುಗೀತಲ್ಲ."

"ಹೂಂ. ಸಿಡಿದ್ರೂ ಲೈಸೆನ್ಸ್, ಸಿಡೀದಿದ್ರೂ ಲೈಸೆನ್ಸ್. ಸಾಯೋದಾದ್ರೆ ಅದೊಂದೇ ಸಾಯ್ಲಿ ಅಂದ್ಕೊಂಡೆ."

3.20ಕ್ಕೆ ಪಂಚರ ಎದುರು ಶೆಡ್ಡಿನಲ್ಲಿದ್ದ ಅವನ ಸಲಕರಣೆ ಪೆಟ್ಟಿಗೆ ತೆರೆಸಿದರು. ಮೂರು ಪತ್ರಗಳ ಪ್ರತಿಗಳು ಸಿಕ್ಕವು. ಮೂರರ ಮೇಲೂ 'ನೋಡಿದೆ' ಎಂಬ ಷರಾ, ಕೆಳಗೆ ಜನರಲ್ ಮ್ಯಾನೇಜರರ ಚಿಕ್ಕ ಸಹಿ. ಪಂಚನಾಮೆಯಲ್ಲಿ ಅವು ನಾಲ್ಕು, ಐದು, ಆರನೇ ವಸ್ತುಗಳಾದವು.

4.50ಕ್ಕೆ ಮೇಲಧಿಕಾರಿಯ ಫೋನು.

"ಕೇಸು ತೂತಿಂದು ಕಣ್ರೀ. ಪತ್ರಗಳನ್ನ ಬಿಡಿ."

"ಪಂಚರ ಸಹಿ ಆಗಿದೆ ಸಾರ್."

"ಬೇರೆ ಬರೀರಿ. ನಿಮ್ಮ ಮಗಳಿಗೆ ಈ ವರ್ಷ ಪರೀಕ್ಷೆ ಅಲ್ವಾ? ಈಗ ಊರು ಬದಲಾಯಿಸೋದು ಕಷ್ಟ."

ಇನ್ಸ್‌ಪೆಕ್ಟರ್ ಫೋನಿಟ್ಟು ಎಫ್‌ಐಆರ್ ಬಿಡಿಸಿದರು. ಅಪರಾಧ ನಡೆದಿತ್ತು, ಆರೋಪಿ ಒಪ್ಪಿದ್ದ, ಕಾನೂನು ಅವನನ್ನು ಬಿಡುವಂತಿರಲಿಲ್ಲ. ಕೊಲೆಗೆ ಹೊರಟವರ ಹೆಸರು ಬರೆಯಲು ಎಫ್‌ಐಆರಿನಲ್ಲಿ ಜಾಗವೇ ಇರಲಿಲ್ಲ. ಅವರು ದೂರುದಾರರ ಕಾಲಮಿನಲ್ಲಿದ್ದರು.

"ಸಾರ್, ಹೊಸ ಪಂಚನಾಮೆ ಬರೀಲಾ?" ಹೆಡ್ ಕಾನ್ಸ್‌ಟೇಬಲ್ ಬಾಗಿಲಲ್ಲಿ ನಿಂತಿದ್ದ.

"ಕಾಗದ ಖಾಲಿ."

"ಬೀರು ತುಂಬ ಇದೆಯಲ್ಲ ಸಾರ್."

"ಖಾಲಿ ಅಂದೆನಲ್ಲಯ್ಯಾ."

5.30ಕ್ಕೆ ದಸ್ತಗಿರಿ. ಬುಧವಾರ ಆರೂ ವಸ್ತುಗಳು ನ್ಯಾಯಾಲಯ ಸೇರಿದವು, ಅರದಣ್ಣ ಪೊಲೀಸ್ ಕಸ್ಟಡಿಗೆ ಮರಳಿದ. ಗುರುವಾರ ಲೈಸೆನ್ಸ್ ಕಡತಕ್ಕೆ ಸಹಿ ಬಿತ್ತು. ಶನಿವಾರ ಇನ್ಸ್‌ಪೆಕ್ಟರರ ವರ್ಗಾವಣೆ ಆದೇಶ ಬಂತು. ಕೇಸ್ ಡೈರಿಯ ಕೊನೆಯ ಪುಟದಲ್ಲಿ, ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ, ಅವರು ಹೀಗೆ ಬರೆದಿದ್ದರು: 'ನಾಲ್ಕು ಜನ. ಆರೋಪಿಗೆ ಅವರ ಪರಿಚಯವಿಲ್ಲ.'

ಹೊರಡುವ ಮುನ್ನ ಲಾಕಪ್ ಕಡೆ ಇಣುಕಿದರು. ಅರದಣ್ಣ ಕಂಬಿಯ ಒರಟು ಬೆಸುಗೆಯ ಮೇಲೆ ಹೆಬ್ಬೆರಳಾಡಿಸುತ್ತ ನಿಂತಿದ್ದ. ಇನ್ನೊಂದು ಕೈ ಖಾಲಿ ಜೇಬನ್ನು ತಡಕುತ್ತಿತ್ತು.