ತಲೆಬಾಗಿದ ಮುದ್ರೆ

ಕಬ್ಬಿಣದ ಕಪಾಟಿನಲ್ಲಿದ್ದ ಲಕೋಟೆಯನ್ನು ಯಾರೋ ಕೊಯ್ದು, ಹೊಸ ಟೇಪು ಹಚ್ಚಿ ಮತ್ತೆ ಅಂಟಿಸಿದ್ದರು. ಜಪಾನಿನ ಕುಮಾಮೊಟೊದ ಆ ಆಸ್ಪತ್ರೆಯಲ್ಲಿ ನ್ಯುಮೋನಿಯಾದ ಹೊಸ ಲಸಿಕೆಯ ಪ್ರಯೋಗ ನಡೆಯುತ್ತಿತ್ತು. ಮುದುಕರಲ್ಲಿ ಅರ್ಧ ಜನಕ್ಕೆ ಲಸಿಕೆ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬ ಗುಟ್ಟಿನ ಪಟ್ಟಿ ಆ ಲಕೋಟೆಯಲ್ಲಿತ್ತು.

ಇನ್‌ಸ್ಪೆಕ್ಟರ್ ಕುವಾಬಾರಾ ಮುಖ ಗಂಟಿಕ್ಕಿಕೊಂಡೇ ಬಂದ. ಅವನ ಅಮ್ಮನೂ ಈ ಪ್ರಯೋಗದಲ್ಲಿದ್ದಳು. ಅದನ್ನವನು ಯಾರಿಗೂ ಹೇಳಲಿಲ್ಲ.

ಕಪಾಟಿನ ಕೀಲಿ ಇದ್ದದ್ದು ಮೂವರ ಬಳಿ. ಡಾಕ್ಟರ್ ಶಿರಾಕಾಮಿ, ಔಷಧಾಲಯದ ಮುಖ್ಯಸ್ಥ ಇನೋಕುಮಾ, ನರ್ಸ್ ಮಿನೆಗಿಶಿ. ಅಲ್ಲಿ ಸಹಿಯ ಬದಲು ಅವರವರ ಹೆಸರಿನ ಮುದ್ರೆ ಒತ್ತುವುದೇ ರೂಢಿ.

“ಹೊಸ ಟೇಪಿನ ಮೇಲೆ ಇನೋಕುಮಾನ ಮುದ್ರೆ ಇದೆ. ಇನ್ನೇನು ಬೇಕು?” ಎಂದರು ಡಾಕ್ಟರ್. “ಪಟ್ಟೀನ ಬೇರೆ ಕಂಪನಿಗೆ ಮಾರ್ಕೊಂಡಿದಾನೆ!”

“ನಾಲಿಗೆ ಬಿಗಿ ಹಿಡೀರಿ ಡಾಕ್ಟ್ರೇ. ನನ್ನ ಮುದ್ರೆ ಡ್ರಾಯರ್‌ನಲ್ಲೇ ಬಿದ್ದಿರುತ್ತೆ. ಯಾರು ಬೇಕಾದ್ರೂ ಒತ್ಬಹುದು.”

ಮಿನೆಗಿಶಿ ಚಹಾ ತಂದಿಟ್ಟಳು. ಕುವಾಬಾರಾನಿಗೆ ಮೂವರ ಮೇಲೂ ಅನುಮಾನ.

*

ಕುವಾಬಾರಾ ಹಳೆಯ ಕಡತಗಳನ್ನು ತರಿಸಿದ. ಮೇಲಧಿಕಾರಿಯ ಮುದ್ರೆಯ ಪಕ್ಕ ಕೈಕೆಳಗಿನವರು ತಮ್ಮ ಮುದ್ರೆಯನ್ನು ತುಸು ಎಡಕ್ಕೆ ವಾಲಿಸಿ ಒತ್ತುತ್ತಾರೆ; ನಮಸ್ಕಾರ ಮಾಡಿದ ಹಾಗೆ. ಮಿನೆಗಿಶಿಯ ಮುದ್ರೆ ಪ್ರತಿ ಹಾಳೆಯಲ್ಲೂ ವಾಲಿತ್ತು. ಇನೋಕುಮಾನದು ಎಲ್ಲೆಲ್ಲೂ ನೆಟ್ಟಗೆ.

“ನೀವ್ಯಾಕೆ ವಾಲಿಸಲ್ಲ?” ಇನೋಕುಮಾನನ್ನು ಕೇಳಿದ.

“ಮೂವತ್ತು ವರ್ಷದಿಂದ ಯಾವ ಡಾಕ್ಟರಿಗೂ ಬಗ್ಗಿಲ್ಲ. ಈಗ್ಯಾಕೆ ಬಗ್ಲಿ?”

ಕುವಾಬಾರಾ ಲಕೋಟೆ ತೋರಿಸಿದ. ಮೊದಲಿಂದಲೂ ಇದ್ದ ಡಾಕ್ಟರ ಮುದ್ರೆಯ ಪಕ್ಕ, ಹೊಸ ಟೇಪಿನ ಮೇಲೆ ಇನೋಕುಮಾನ ಮುದ್ರೆ ಎಡಕ್ಕೆ ವಾಲಿತ್ತು.

“ಮುದ್ರೆ ಇವರದು, ಒತ್ತಿದ ಕೈ ಬೇರೆ. ತಾನಾಗೇ ವಾಲೋ ಅಭ್ಯಾಸ ಮೂವರಲ್ಲಿ ನಿಮ್ಮೊಬ್ಬರ ಕೈಗೇ ಇರೋದು, ಮಿನೆಗಿಶಿ ಅವರೇ.”

ಅವಳು ಕುಸಿದು ಕೂತಳು. “ಹೌದು, ನಾನೇ. ಪ್ರಯೋಗದಲ್ಲಿದ್ದ ಕೊಯಾನಗಿ ಅಜ್ಜಿ ಹೋದ ವಾರ ನ್ಯುಮೋನಿಯಾದಲ್ಲಿ ತೀರ್ಕೊಂಡ್ರು. ಅವರಿಗೆ ಹಾಕಿದ್ದು ಉಪ್ಪುನೀರು! ಮೊದ್ಲಿಂದ ಬಳಕೇಲಿರೋ ಹಳೇ ಲಸಿಕೆ ಬೀದಿ ಕೊನೇ ಕ್ಲಿನಿಕ್ಕಲ್ಲೇ ಸಿಗುತ್ತೆ ಸಾರ್. ಪ್ರಯೋಗ ಮುಗಿಯೋವರ್ಗೂ ಅದನ್ನ ಹಾಕಿಸ್ಕೋಬೇಡಿ ಅಂತ ಅವರಿಗೆ ಹೇಳಿದ್ದು ನಾನೇ. ಉಪ್ಪುನೀರಿನವರಿಗೆಲ್ಲ ಫೋನ್ ಮಾಡೋಣ ಅಂತ ಲಕೋಟೆ ಕೊಯ್ದೆ. ಧೈರ್ಯ ಬರ್ಲಿಲ್ಲ.”

“ಅವರೇ ಒಪ್ಪಿದಾರಲ್ಲ! ಹೋಲಿಸದೆ ತಿಳಿಯೋದು ಹೇಗೆ?” ಡಾಕ್ಟರ್ ರೇಗಿದರು.

“ಹಳೇ ಲಸಿಕೆ ಜೊತೆ ಹೋಲಿಸ್ಬಹುದಿತ್ತಲ್ಲ?” ಕುವಾಬಾರಾ ಕೇಳಿದ.

“ಅದಕ್ಕೆ ಇನ್ನೂ ಎಷ್ಟೋ ಪಟ್ಟು ಜನ ಬೇಕು, ಎಷ್ಟೋ ವರ್ಷ ಬೇಕು.” ಡಾಕ್ಟರ ದನಿ ಇಳಿದಿತ್ತು.

*

ಕೆಳಗೆ, ಕಾರಿನ ಬಳಿ, ಸಾಕ್ಷ್ಯವಾಗಿ ತಂದ ಆ ಗುಟ್ಟಿನ ಪಟ್ಟಿ ಕುವಾಬಾರಾನ ಕೈಯಲ್ಲೇ ಇತ್ತು. ತನ್ನದು ಮೂವತ್ತೊಂದನೇ ಸಂಖ್ಯೆ ಎಂದು ಅಮ್ಮ ಹಿಂದೆಯೇ ಹೇಳಿದ್ದಳು. ಆ ಸಾಲು ಓದದೆ ಹಾಳೆ ಕವುಚಿ, ಚೀಲಕ್ಕೆ ಹಾಕಿ ಮುಚ್ಚಿದ. ಫೋನ್ ಮಾಡಿದ.

“ಅಮ್ಮಾ, ನಾಳೇನೇ ಹೋಗಿ ಹಳೇ ಲಸಿಕೆ ಹಾಕಿಸ್ಕೊಂಡ್ಬಿಡು.”

“ಹಾಕಿಸ್ಕೋಬೇಡಿ ಅಂದಿದಾರಲ್ಲೋ. ಯಾಕೆ, ನಂದು ಉಪ್ಪುನೀರಾ?”

“ನಾನು ನೋಡ್ಲಿಲ್ಲಮ್ಮ.”

“ಸರಿ, ನಂಗೆ ನೀನು ಹೇಳ್ದೆ. ಮಿಕ್ಕೋರಿಗೆ ಯಾರಪ್ಪ ಹೇಳೋದು?”

ಕುವಾಬಾರಾ ಫೋನಿಟ್ಟು, ಡಾಕ್ಟರ ಕೋಣೆಯತ್ತ ಮತ್ತೆ ಮೆಟ್ಟಿಲು ಹತ್ತಿದ.