ಸೋಮವಾರ ಏಳದ ಬೋರ್ಡು

"ಯಾರ್ರಿ ನೀವು? ಮೊದಲ ಅದನ್ನ ಕೆಳಗ ಇಡ್ರಿ!"

ಸೋಮವಾರ ಬೆಳಗಿನ ಟ್ಯೂಷನ್ ಹೇಳಿ ಮುಗಿಸಿ ಬಂದ ನೇತ್ರಾ ಹೊಸ್ತಿಲಲ್ಲೇ ಗುಡುಗಿದಳು.

ಮಗ್ಗದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಅಪರಿಚಿತ ತಲೆ ಎತ್ತಿದ. ಅವನ ಅಂಗೈ ಮೇಲೆ ಅವಳ ಸರ್ಕ್ಯೂಟ್ ಬೋರ್ಡು! ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬೆಸುಗೆ ಹಾಕಿದ, ಅವಳನ್ನು ಬಿಟ್ಟು ಬೇರೆ ಯಾರೂ ಮುಟ್ಟದ ಬೋರ್ಡು.

"ನಾ ಬೀರೇಶ ಅಂತ್ರಿ. ಹುನಗುಂದದಾಗ ಮೋಟರ್, ಸ್ಟಾರ್ಟರ್ ರಿಪೇರಿ ಅಂಗಡಿ ಐತಿ. ಅವ್ವಾರು ಫೋನ್ ಮಾಡಿದ್ರು... ಇದು ಸುರು ಆಗವಲ್ದು ಅಂತ."

"ನಿನ್ನೆ ಸಂಜೀಕ ಚಲೋ ನಡದಿತ್ತು. ನೀವು ಮುಟ್ಟಿದ ಮ್ಯಾಲ ಸುರು ಆಗವಲ್ದೋ ಏನೋ!"

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಕ್ಕ. ಆ ನಗು ನೇತ್ರಾಳಿಗೆ ಒಂಚೂರೂ ಹಿಡಿಸಲಿಲ್ಲ... ಹಿಡಿಸಿದ್ದನ್ನು ಅವಳು ಒಪ್ಪಿಕೊಳ್ಳಲಿಲ್ಲ ಅಂದರೂ ನಡೆದೀತು.

ಒಳಬಾಗಿಲಲ್ಲಿ ಅವ್ವ ಗುರುಲಿಂಗವ್ವ ಮೊಣಕಾಲು ಹಿಡಿದುಕೊಂಡು ನಿಂತಿದ್ದಳು. ಆ ಮೊಣಕಾಲಿಗಾಗಿಯೇ ಈ ಬೋರ್ಡು. ಇಳಕಲ್ಲಿನ ಆ ಓಣಿಯಲ್ಲಿ ಗುರುಲಿಂಗವ್ವನಷ್ಟು ಚೆಂದದ ಸೆರಗು ನೇಯುವವರು ಇರಲಿಲ್ಲ. ಕಾಲ ಚಿಪ್ಪು ಸವೆದು, ಮಗ್ಗದ ಪೆಡಲು ತುಳಿಯಲಾಗದೆ ಎರಡು ವರ್ಷ ಗೋಡೆಗೆ ಒರಗಿ ಕೂತಿದ್ದಳು. ಅವ್ವನ ಬದಲು ಪೆಡಲು ಒತ್ತುವ ಪುಟ್ಟ ಯಂತ್ರವನ್ನು ಮಗಳು ಕಟ್ಟಿ, ಹೋದ ವಾರವಷ್ಟೇ ಮಗ್ಗಕ್ಕೆ ಜೋಡಿಸಿದ್ದಳು. ಆ ಯಂತ್ರದ ತಲೆಯೇ ಈ ಬೋರ್ಡು.

"ಇನ್ನ ನನ್ನ ಕೇಳದ ಯಾರನ್ನೂ ಕರೀಬ್ಯಾಡ ಅವ್ವಾ," ಎಂದು ನೇತ್ರಾ ಗದರಿದಳು.

ಹಸಿರು ದೀಪ ಉರಿಯುತ್ತಿತ್ತು, ಅಂದರೆ ಕರೆಂಟು ಬರುತ್ತಿದೆ. ಆದರೆ ಬೋರ್ಡಿನ ಚಿಪ್ ಎಚ್ಚೆತ್ತರೆ ಮಿನುಗಬೇಕಾದ ನೀಲಿ ದೀಪ ಮಿನುಗುತ್ತಿಲ್ಲ. ಮೀಟರ್ ಹಿಡಿದಳು, ವೋಲ್ಟೇಜ್ ಸರಿ. ಪ್ರೋಗ್ರಾಮ್ ಮತ್ತೆ ತುಂಬಲು ನೋಡಿದಳು, ಲ್ಯಾಪ್‌ಟಾಪಿಗೆ ಉತ್ತರವೇ ಇಲ್ಲ. ಬೋರ್ಡಿನ ಬೆನ್ನ ಮೇಲೆ ತೆಳ್ಳಗೆ ಬಿಳಿ ಕಲೆ. ಬೆಸುಗೆ ಹಾಕಿದಾಗ ಉಳಿಯುವ ಕಲೆ ಅದು, ಎಲ್ಲ ಬೋರ್ಡಿಗೂ ಇರುವುದೇ ಎಂದು ಬಿಟ್ಟಳು.

ಮಧ್ಯಾಹ್ನ ಅವನು ಹೋದ ಮೇಲೆ ಬೋರ್ಡು ತಾನಾಗಿಯೇ ಎಚ್ಚೆತ್ತಿತು!

ಅದೇ ಅವಳ ತಲೆಯಲ್ಲಿ ಹುಳ ಬಿಟ್ಟಿತು.

ಮುಂದಿನ ಭಾನುವಾರದವರೆಗೂ ಯಂತ್ರ ಗಡಿಯಾರದಂತೆ ನಡೆಯಿತು. ಸೋಮವಾರ ಟ್ಯೂಷನ್ ಮುಗಿಸಿ ಬಂದರೆ... ಬೋರ್ಡು ಸತ್ತಿದೆ. ಪಕ್ಕದಲ್ಲಿ ಬೀರೇಶ!

"ಮತ್ತ ಯಾಕ ಬಂದ್ರಿ?"

ಅವನು ಒಮ್ಮೆ ಗುರುಲಿಂಗವ್ವನ ಮುಖ ನೋಡಿದ. "ಸೋಮವಾರ ಅಂಗಡಿ ರಜಾರಿ. ಈ ಕಡೆ ಬಂದಿದ್ದೆ. ಹೆಂಗೈತಿ ನೋಡೂಣು ಅಂತ..."

'ಸುಳ್ಳು!' ಎಂದಿತು ನೇತ್ರಾಳ ಮನಸ್ಸು. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗಿದ್ದನ್ನೂ ಅವಳು ನೋಡಿದಳು. ಅವನು ಬೋರ್ಡಿನ ಫೋಟೋ ತೆಗೆದ. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಏನೋ ಗೀಚಿದ.

ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ಜತೆಗಾರನೊಬ್ಬ ಹೀಗೆಯೇ ನಗುನಗುತ್ತಾ ಫೋಟೋ ತೆಗೆದಿದ್ದ. ಆಮೇಲೆ ಅವಳ ಪ್ರಾಜೆಕ್ಟನ್ನು ತನ್ನದೆಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಒಮ್ಮೆ ಸುಟ್ಟುಕೊಂಡವಳು ಇವಳು, ನಂಬುವುದಾದರೂ ಹೇಗೆ?

ಆದರೂ ಅವನು ಹೊರಟಾಗ ಬಾಗಿಲವರೆಗೂ ಹೋಗಿ ನಿಂತಳು.

"ನೇತ್ರಾ ಅವರ," ಅವನು ಚಪ್ಪಲಿ ಮೆಟ್ಟುತ್ತಾ ಹೇಳಿದ, "ಇದನ್ನ ಮಾಡಿದಾರ ಕೈ ಭಾಳ ಚಲೋ ಐತ್ರಿ. ಬೆಸುಗಿ ನೋಡಿದ್ರ ಗೊತ್ತಾಗತೈತಿ."

ಅವತ್ತಿಡೀ ಆ ಮಾತು ಅವಳ ಕಿವಿ ಬಿಟ್ಟು ಹೋಗಲಿಲ್ಲ. 'ಹೊಗಳಿ ಹೊಗಳಿಯೇ ಬುಟ್ಟಿಗೆ ಹಾಕಿಕೊಳ್ಳುವವನು ಇರಬೇಕು!' ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಬುದ್ಧಿಯೇನೋ ಕೇಳಿಸಿಕೊಂಡಿತು, ಮನಸ್ಸು ಕೇಳಬೇಕಲ್ಲ.

ಮೂರನೆಯ ಸೋಮವಾರ ಹನ್ನೊಂದಕ್ಕೆ ನೇಕಾರರ ಸಂಘದವರು ಯಂತ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಗುರುಲಿಂಗವ್ವನಂತೆ ಕಾಲು ಸೋತ ಹನ್ನೆರಡು ಹೆಂಗಸರ ಮಗ್ಗಕ್ಕೆ ಅದು ಬರುತ್ತಿತ್ತು. ಅವರ ಮುಂದೆ ಬೋರ್ಡು ಏಳದಿದ್ದರೆ ಎಲ್ಲ ಅಲ್ಲಿಗೇ ಮುಗಿಯಿತು.

ಭಾನುವಾರ ಸಂಜೆ ನೇತ್ರಾ ಒಂದು ಉಪಾಯ ಮಾಡಿದಳು. ಬೋರ್ಡಿನ ಡಬ್ಬಿಗೆ ಕೆಂಪು ರೇಷ್ಮೆಯ ಒಂದೇ ಎಳೆ ಸುತ್ತಿ, ಮೇಲೆ ಹೂಗಂಟು ಹಾಕಿದಳು. ಯಾರೇ ಬಿಚ್ಚಿದರೂ ಗೊತ್ತಾಗಲೇಬೇಕು.

ಸೋಮವಾರ ಒಂಬತ್ತೂವರೆಗೆ ಓಡೋಡಿ ಬಂದಳು. ಕೆಂಪು ಎಳೆ ಕತ್ತರಿಸಿ ನೆಲಕ್ಕೆ ಬಿದ್ದಿತ್ತು. ಬೋರ್ಡು ಬೀರೇಶನ ಕೈಯಲ್ಲಿ!

"ಸಿಕ್ರಿ!" ಅವಳು ಎಳೆಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. "ನೀವು ಬಂದ ದಿನಾನ ಇದು ಸಾಯತೈತಿ. ನೀವು ಹ್ವಾದ ಮ್ಯಾಲ ಬದುಕತೈತಿ. ಯಾರು ಕಳಿಸ್ಯಾರ ನಿಮ್ಮನ್ನ? ಇವತ್ತ ಸಂಘದಾರ ಮುಂದ ನನ್ನ ಮಾನ ಕಳೀಬೇಕಂತ ಬಂದ್ರೇನು?"

ಬೀರೇಶ ಬೋರ್ಡನ್ನು ತಿರುವಿ ಹಿಂಬದಿ ನೋಡಿದ. ನೋಡಿದವನು ಕಲ್ಲಾಗಿ ನಿಂತ. ಆಮೇಲೆ ಬಾಗಿಲ ಕಡೆ ನೋಡಿದ. ಅಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಗುರುಲಿಂಗವ್ವ ನಿಂತಿದ್ದಳು, ಗಾಬರಿಯಿಂದ ಸೆರಗಿನ ಚುಂಗು ಹಿಂಡುತ್ತಾ.

'ಕಳ್ಳನ ನೋಟ...' ಎಂದುಕೊಂಡಳು ನೇತ್ರಾ.

"ಮಾತಾಡ್ರಿ! ಡಬ್ಬಿ ಬಿಚ್ಚಿದವರು ಯಾರು?"

"ನಾನ ರೀ," ಎಂದ ಬೀರೇಶ ಮೆಲ್ಲಗೆ. "ತಪ್ಪು ನಂದ."

ಅವಳಿಗೆ ಬೆನ್ನು ತಿರುಗಿಸಿ ಕೂತ. ಚೀಲದಿಂದ ಸ್ಪಿರಿಟ್ ಬಾಟಲಿ, ಬ್ರಷ್ಷು ತೆಗೆದ. ಎರಡು ನಿಮಿಷ ಏನೋ ಉಜ್ಜಿದ, ಕರವಸ್ತ್ರದಿಂದ ಒರೆಸಿದ. ಬೋರ್ಡು ಜೋಡಿಸಿ ಸ್ವಿಚ್ ಹಾಕಿದ.

ನೀಲಿ ದೀಪ ಮಿನುಗಿತು!

ನೇತ್ರಾಳಿಗೆ ಸಂತೋಷವಾಗಬೇಕಿತ್ತು. ಅಳು ಬಂತು. ಸಿಕ್ಕಿಬಿದ್ದ ಕೂಡಲೇ ಸರಿ ಮಾಡಿದ, ಅಂದರೆ ಕೆಡಿಸಿದವನೂ ಇವನೇ! ಇವನಲ್ಲ, ಇವನಾಗಿರಬಾರದು ಎಂದು ಮನಸ್ಸು ಇಷ್ಟು ದಿನ ಒಳಗೊಳಗೇ ಬೇಡಿಕೊಳ್ಳುತ್ತಿತ್ತು ಎಂಬುದು ಅವಳಿಗೆ ಆಗ ತಿಳಿಯಿತು.

"ಹೋಗ್ರಿ. ಇನ್ನೊಮ್ಮೆ ಈ ಮನಿ ಮೆಟ್ಟಲ ಹತ್ತಬ್ಯಾಡ್ರಿ."

ಅವನು ಹೋದ. ತಿರುಗಿಯೂ ನೋಡಲಿಲ್ಲ.

ಹನ್ನೊಂದಕ್ಕೆ ಸಂಘದ ಅಧ್ಯಕ್ಷ ರಾಜಮಹ್ಮದ ಮತ್ತು ನಾಲ್ವರು ಬಂದರು. ಎರಡು ವರ್ಷಗಳ ಮೇಲೆ ಗುರುಲಿಂಗವ್ವ ಊರವರ ಮುಂದೆ ಮಗ್ಗದಲ್ಲಿ ಕೂತಳು. ಯಂತ್ರ ಪೆಡಲು ಒತ್ತಿತು, ಅವ್ವನ ಕೈಯಲ್ಲಿ ಲಾಳಿ ಅತ್ತಿಂದಿತ್ತ ಓಡಿತು.

"ಖರೇನ ಚಲೋ ಮಾಡಿದಿ ಮಗಳ," ಎಂದರು ರಾಜಮಹ್ಮದ. "ಹನ್ನೆರಡೂ ಮಾಡಿಕೊಡು."

ಎಲ್ಲರೂ ಹೋದ ಮೇಲೆ ನೇತ್ರಾ ಒಬ್ಬಳೇ ಕೂತು ಆ ಕೆಂಪು ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬೆರಳಿಗೆ ಏನೋ ತಾಗಿತು. ಸಣ್ಣ ಗಂಟು!

ಬೀರೇಶ ಕತ್ತರಿಸಿದ ಜಾಗ ಬೇರೆ, ಈ ಗಂಟಿನ ಜಾಗ ಬೇರೆ. ಅವಳು ಹಾಕಿದ್ದು ಹೂಗಂಟು. ಇದು ನೇಕಾರರ ಗಂಟು... ಎಳ್ಳಿಗಿಂತ ಚಿಕ್ಕದು, ಮಗ್ಗದ ಮೇಲೆ ಹಾಸಿನ ಉದ್ದನೆಯ ಎಳೆ ಹರಿದಾಗ ಕಣ್ಣು ಮುಚ್ಚಿ ಹಾಕುವಂಥದ್ದು. ಸ್ಟಾರ್ಟರ್ ರಿಪೇರಿಯವನಿಗೆ ಈ ಗಂಟು ಎಲ್ಲಿಂದ ಬರಬೇಕು? ಅವನಿಗಿಂತ ಮೊದಲೇ ಯಾರೋ ಎಳೆ ಬಿಚ್ಚಿ, ಮತ್ತೆ ಕಟ್ಟಿದ್ದಾರೆ!

"ಅವ್ವಾ... ಈ ದಾರ ನೀ ಬಿಚ್ಚಿದ್ಯಾ?"

"ಹೂಂ ಮತ್ತ," ಎಂದಳು ಗುರುಲಿಂಗವ್ವ ಹೆಮ್ಮೆಯಿಂದ. "ಚಲೋ ಆಗಲಿ ಅಂತ ಕಟ್ಟೀದಿ ಅಂತ ತಿಳದು ಮತ್ತ ಕಟ್ಟೇನಿ. ಸೋಮವಾರ ಜಳಕ ಮಾಡಿ ಮಗ್ಗಕ್ಕ ವಿಭೂತಿ ಹಚ್ಚೂದಿಲ್ಲೇನು? ನಿನ್ನ ಮಷೀನಿಗೂ ಹಚ್ಚತೇನಿ. ಮುಂದ ಮುಟ್ಟಬ್ಯಾಡ ಅಂತ ನೀ ಬೈತಿ ಅಂತ... ಹಿಂದಕ್ಕ, ಬೆನ್ನಿಗೆ. ಮೂರು ಬಟ್ಟಿಲೆ ಗೆರಿ ಎಳೀತೇನಿ."

ಒದ್ದೆ ವಿಭೂತಿ! ಬೋರ್ಡಿನ ಬೆನ್ನ ಮೇಲಿನ ರೀಸೆಟ್ ಪಿನ್ನಿಗೇ ಅಡ್ಡಲಾಗಿ! ಒದ್ದೆ ಬೂದಿಯಲ್ಲಿ ಕರೆಂಟು ಸೋರುತ್ತದೆ. ಯಾರೋ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದಂತೆ, ಚಿಪ್ ಏಳಲು ಆಗುವುದೇ ಇಲ್ಲ. ಮಧ್ಯಾಹ್ನ ಒಣಗಿದರೆ ತಾನೇ ಏಳುತ್ತದೆ. ಅವಳು ಬೆಸುಗೆಯ ಕಲೆ ಎಂದು ಬಿಟ್ಟದ್ದು ಅವ್ವನ ಬೆರಳಿನ ಗುರುತು!

"ಮತ್ತ ಆ ಬೀರೇಶ..."

"ಪಾಪ, ಸುರು ಆಗಲಿಲ್ಲ ಅಂದಕೂಡಲೇ ನಾನ ಫೋನ್ ಮಾಡತಿದ್ದೆ. ಮೊದಲನೇ ಸಲ ನೀ ಗದರಿದ್ದಕ್ಕ, ಮತ್ತ ಕರದದ್ದು ಆಕಿಗೆ ಹೇಳಬ್ಯಾಡಪಾ, ಬೈತಾಳ ಅಂದಿದ್ದೆ. ಇವತ್ತ ಆ ಹುಡುಗ ಯಾಕ ತನ್ನ ಮ್ಯಾಲ ಹಾಕ್ಕೊಂಡನೋ..."

ನೇತ್ರಾ ಬಾಯಿ ತೆರೆದಳು. ಅವ್ವನ ಹಣೆಯ ವಿಭೂತಿ ನೋಡಿದಳು, ಎರಡು ವರ್ಷಗಳ ಮೇಲೆ ಅರಳಿದ ಆ ಮುಖ ನೋಡಿದಳು. ನಿನ್ನ ಬೆರಳೇ ಅದನ್ನು ಕೊಲ್ಲುತ್ತಿತ್ತು ಎಂದು ಹೇಳುವುದು ಹೇಗೆ?

ಬೀರೇಶನಿಗೂ ಹೇಳಲಾಗಿರಲಿಲ್ಲ.

"ಅವ್ವಾ, ಮುಂದಿನ ಸೋಮವಾರದಿಂದ ಡಬ್ಬಿ ಮ್ಯಾಲ ಹಚ್ಚು. ಎಲ್ಲಾರಿಗೂ ಕಾಣಸಲಿ," ಎಂದವಳೇ ಬಸ್ ಸ್ಟ್ಯಾಂಡಿಗೆ ಓಡಿದಳು.

ಹುನಗುಂದದಲ್ಲಿ ಕೇಳುತ್ತಾ ಕೇಳುತ್ತಾ ಅಂಗಡಿ ಸಿಕ್ಕಿತು. ಸೋಮವಾರ ರಜೆಯ ಆ ಅಂಗಡಿ ಬಾಗಿಲು ತೆರೆದುಕೊಂಡೇ ಇತ್ತು! ಶಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಶುಕ್ರವಾರ ರಜೆ.

ಬಿಚ್ಚಿದ ಸ್ಟಾರ್ಟರ್ ಮುಂದೆ ಕೂತಿದ್ದ ಬೀರೇಶ ತಟ್ಟನೆ ಎದ್ದು ನಿಂತ.

"ಕಳ್ಳ ಅಂತ ತಿಳಕೊಂಡೆ ನಿಮ್ಮನ್ನ," ಎಂದಳು ಅವಳು. "ನೀವು ಬಂದ ದಿನಾನ ಕೆಡತೈತಿ ಅಂದೆ..."

"ನಾ ಬಂದ ದಿನ ಅದು ಕೆಡ್ತಿದ್ದಿಲ್ರಿ. ಅದು ಕೆಟ್ಟ ದಿನ ನಾ ಬರತಿದ್ದೆ."

"ಯಾಕ ಹೇಳಲಿಲ್ಲ? ನಾ ಅಷ್ಟು ಬೈದ್ರೂ?"

ಅವನು ಕೈಯ ಗ್ರೀಸು ಒರೆಸಿಕೊಂಡ. "ವಿಭೂತಿ ಗೆರಿ ಇನ್ನೂ ಹಸಿ ಇದ್ದುವ್ರಿ. ಅವ್ವಾರು ಬಾಗಲದಾಗ ನಿಂತಿದ್ರು. ನಾ ಮೊದಲನೇ ರೇಡಿಯೋ ಕಟ್ಟಿದಾಗ ನಮ್ಮವ್ವ ರಂಗವ್ವ ಬೀರಪ್ಪನ ಗುಡಿಯ ಅರಿಷಿಣ ಭಂಡಾರ ತಂದು ಮುಷ್ಟಿಗಟ್ಟಲೆ ಎರಚಿದ್ಲು. ಅದು ಸುಟ್ಟು ಹೋತು. ಸಿಟ್ಟಿಗೆ ಅವ್ವನ ಮುಂದ ಅಂದುಬಿಟ್ಟೆ... ನಿನ್ನಿಂದನ ಸುಟ್ಟಿತು ಅಂತ." ಅವನು ತಲೆ ತಗ್ಗಿಸಿದ. "ಆಮ್ಯಾಲ ಆಕಿ ನನ್ನ ಯಾವ ಸಾಮಾನನ್ನೂ ಮುಟ್ಟಲೇ ಇಲ್ಲ. ಇವತ್ತಿಗೂ ಮುಟ್ಟೂದಿಲ್ಲ."

ನೇತ್ರಾ ಅತ್ತುಬಿಟ್ಟಳು. ಬೀದಿ, ಗಿರಾಕಿ ಯಾರನ್ನೂ ಲೆಕ್ಕಿಸದೆ ಅತ್ತಳು.

"ನಾನೂ ಅವ್ವಗ ಹೇಳಲಿಲ್ಲ," ಎಂದಳು ಬಿಕ್ಕುತ್ತಾ. "ಡಬ್ಬಿ ಮ್ಯಾಲ ಹಚ್ಚು ಅಂತ ಅಷ್ಟ ಹೇಳಿ ಬಂದೆ."

ಅವನ ಮುಖದಲ್ಲಿ ಮೊದಲ ದಿನದ ಆ ನಗು ಮತ್ತೆ ಮೂಡಿತು. ಈ ಸಲ ಅದು ಹಿಡಿಸಿತೆಂದು ಅವಳು ಒಪ್ಪಿಕೊಂಡಳು.

ಮೇಜಿನ ಮೇಲೆ ಅದೇ ಸಣ್ಣ ನೋಟ್‌ಬುಕ್ ತೆರೆದು ಬಿದ್ದಿತ್ತು. ಅವಳು ಬಾಗಿ ಓದಿದಳು. 'ಸೋಮವಾರ: ಬೋರ್ಡು ಏಳಲಿಲ್ಲ. ಮಧ್ಯಾಹ್ನ ಎದ್ದಿತಂತೆ.' 'ಸೋಮವಾರ: ಮತ್ತೆ ಏಳಲಿಲ್ಲ. ಬಾಗಿಲತನಕ ಬಂದಳು.'

"ಇದ್ಯಾವ ರಿಪೇರಿ ಲೆಕ್ಕಾರಿ?"

ಅವನ ಕಿವಿ ಕೆಂಪಾಯಿತು. "ಅದು... ನಂದು. ಆ ಮಷೀನ್ ಎದ್ರ ಸಾಕು ಅಂತ ಹೋಗತಿದ್ದೆ ಖರೆ. ದಾರ್ಯಾಗ ಮಾತ್ರ, ಇವತ್ತೊಂದ ದಿನ ಏಳದ ಇರ್ಲಿ ಅಂತ ಬೇಡಿಕೋತಿದ್ದೆ." ನೋಟ್‌ಬುಕ್ ಮುಚ್ಚುತ್ತಾ ಹೇಳಿದ, "ಇನ್ನ ಸೋಮವಾರ ಅದು ಕೆಡೂದಿಲ್ಲ. ನನಗ ಬರಾಕ ಕಾರಣನ ಉಳೀಲಿಲ್ಲ ನೋಡ್ರಿ."

ನೇತ್ರಾ ಕಣ್ಣೊರೆಸಿಕೊಂಡು ಶಟರಿನ ಕಡೆ ಬೆರಳು ತೋರಿಸಿದಳು.

"ಶುಕ್ರವಾರ ರಜಾ ಐತೆಲ್ಲ. ಬರ್ರಿ."

"ಶುಕ್ರವಾರ ಏನು ಕೆಟ್ಟಿರತೈತ್ರಿ?"

"ಏನೂ ಕೆಟ್ಟಿರೂದಿಲ್ಲ," ಎಂದಳು ಅವಳು. "ನನ್ನ ನೋಡಾಕ ಬಾ."