ಬಯೋಡಾಟಾದಲ್ಲಿ ಇರದ ಎಂಬಿಎ

"ಮುಂದಿನವ್ರನ್ನ ಒಳಗ ಕಳಸ್ರಿ."

ಬಾಗಿಲು ತೆರೆಯಿತು. ನೇತ್ರಾಳ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಇವನಾ?!

ಎಂಟು ತಿಂಗಳ ಹಿಂದೆ ತಿಳವಳ್ಳಿಯ ಅವಳ ಮನೆಗೆ ಹೆಣ್ಣು ನೋಡಲು ಬಂದು, ಅವಲಕ್ಕಿ ತಿಂದು, ನಕ್ಕು ಮಾತಾಡಿ, ವಾರ ಕಳೆಯುವುದರೊಳಗೆ 'ಬ್ಯಾಡ' ಎಂದು ಹೇಳಿಕಳಿಸಿದ ಮಾಸೂರಿನ ಚನ್ನೇಶ!

ಅವನೂ ಬೆಪ್ಪಾಗಿ ನಿಂತ. ಶಿಗ್ಗಾಂವಿ ರಸ್ತೆಯ ಈ ಗೋವಿನಜೋಳದ ಕಾರ್ಖಾನೆಗೆ ಅವನು ಸಹಾಯಕ ಮ್ಯಾನೇಜರ್ ಕೆಲಸದ ಸಂದರ್ಶನಕ್ಕೆಂದು ಬಂದಿದ್ದ. ಇಲ್ಲಿಯ ಟೆಕ್ನಾಲಜಿ ಮ್ಯಾನೇಜರ್ ಇವಳೇ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಇವಳ ಮದುವೆಯ ಬಯೋಡಾಟಾದಲ್ಲಿ 'ಖಾಸಗಿ ನೌಕರಿ' ಎಂದಷ್ಟೇ ಇತ್ತು.

"ಕುಂದರ್ರಿ," ಎಂದಳು ನೇತ್ರಾ. ಪಕ್ಕದಲ್ಲಿ ಮಾಲೀಕರಿದ್ದರು. ಧ್ವನಿ ನಡುಗಬಾರದು... "ನಮ್ಮ ಹಳೇ ಡ್ರೈಯರ್ ಕಾಳು ಒಣಗಸೂದು ಕಡಿಮಿ, ಡೀಸೆಲ್ ಕುಡಿಯೂದ ಹೆಚ್ಚು. ಏನ ಮಾಡ್ತೀರಿ?"

ಚನ್ನೇಶ ಮೊದಲು ತಡವರಿಸಿದ. ಆಮೇಲೆ ಬಿಸಿಗಾಳಿ ಎಲ್ಲಿ ಸೋರುತ್ತದೆ, ಹೊರಹೋಗುವ ಗಾಳಿಯನ್ನು ಮತ್ತೆ ಹೇಗೆ ಬಳಸಬಹುದು ಎಂದು ಕೈಯಾಡಿಸುತ್ತ ವಿವರಿಸಿದ. ಯಂತ್ರದ ಮಾತು ಬಂದರೆ ಇವನ ಕಣ್ಣು, ಹೆಣ್ಣು ನೋಡಲು ಬಂದ ದಿನ ಹಿತ್ತಲಲ್ಲಿ ಅವಳೊಂದಿಗೆ ಮಾತಾಡುವಾಗಲೂ ಹೀಗೇ ಹೊಳೆದಿದ್ದವು. ಅವಳ ಮನಸ್ಸು ಮೆತ್ತಗಾಯಿತು. ಮೆತ್ತಗಾಗಿದ್ದಕ್ಕೆ ತನ್ನ ಮೇಲೆಯೇ ರೇಗಿತು!

"ಛಲೋ. ಹೊಸಾದು ತಗೊಂಡ್ರ ಹಾಕಿದ ರೊಕ್ಕ ಯಾವಾಗ ತಿರುಗಿ ಬರತೈತಿ? ಅದನ್ನ ಹೆಂಗ ಲೆಕ್ಕಾ ಹಾಕ್ತೀರಿ?"

ಆಡುತ್ತಿದ್ದ ಅವನ ಕೈ ಮಡಿಲಿಗಿಳಿಯಿತು. ನೇತ್ರಾ ಅರ್ಜಿ ತಿರುವಿದಳು. ಬಿಇ ಇತ್ತು, ಎಂಬಿಎ ಇರಲಿಲ್ಲ. ಅವನ ಮದುವೆಯ ಬಯೋಡಾಟಾದಲ್ಲಿ ಅದು ದಪ್ಪ ಅಕ್ಷರದಲ್ಲಿತ್ತಲ್ಲ?

"ನೀವು ಎಂಬಿಎ ಅಲ್ರಿ?"

"ಮುಗಿಸಿಲ್ರಿ. ಮೊದಲನೇ ವರ್ಷಕ್ಕ ಬಿಟ್ಟೆ. ಈ ಲೆಕ್ಕಾ ನನಗ ಬರಂಗಿಲ್ಲ."

ಹಾಗಾದರೆ ಅದು ಸುಳ್ಳು!

ಆದರೆ ಸುಳ್ಳಿನ ಮಾತಿಗೆ ಬಂದರೆ ಅವಳ ಮನೆಯವರೇನು ಕಡಿಮೆಯೇ? ನೇತ್ರಾ ಬಿಇ ಮುಗಿಸಿ, ಧಾರವಾಡದಲ್ಲಿ ಎರಡು ವರ್ಷ ಎಂಬಿಎ ಓದಿದವಳು. ಯಂತ್ರದವರ ಮಾತು ಲೆಕ್ಕದವರಿಗೆ, ಲೆಕ್ಕದವರ ಮಾತು ಯಂತ್ರದವರಿಗೆ ತಿಳಿಸಬಲ್ಲವಳೆಂದೇ ಮಾಲೀಕರು ಅವಳನ್ನು ಈ ಕುರ್ಚಿಯಲ್ಲಿ ಕೂರಿಸಿದ್ದರು. ಮದುವೆಯ ಪೇಟೆಯಲ್ಲಿ ಮಾತ್ರ ಅದೇ ಓದು ಅಡ್ಡ ಬಂತು. 'ಹುಡುಗನಕಿಂತ ಹೆಚ್ಚು ಓದ್ಯಾಳ' ಎಂದು ಮೂರು ಸಂಬಂಧ ತಪ್ಪಿದ ಮೇಲೆ ಅವ್ವ ದಾನವ್ವ ಬಯೋಡಾಟಾದಿಂದ ಎಂಬಿಎ ಸಾಲನ್ನೇ ತೆಗೆಸಿದ್ದಳು.

ಅಂದು ಹಿತ್ತಲಲ್ಲಿ ಚನ್ನೇಶ ಕೇಳಿದ್ದ, "ಬಿಇ ಆದ ಮ್ಯಾಲ ಎರಡು ವರ್ಷ ಏನ ಮಾಡಿದ್ರಿ?"

ಬಾಗಿಲ ಮರೆಯಿಂದ ಅವ್ವ ಕಣ್ಣಲ್ಲೇ ಗದರಿಸಿದಳು.

"ಮನ್ಯಾಗ ಇದ್ದೆ."

ಮನಸ್ಸಿಗೆ ಬಂದ ಹುಡುಗನ ಎದುರು ಅವಳು ಆಡಿದ ಮೊದಲ ಸುಳ್ಳು ಅದು.

'ಬ್ಯಾಡ' ಎಂಬ ಮಾತಿನ ಹಿಂದೆಯೇ ಇನ್ನೊಂದು ಮಾತೂ ಊರಿಗೆ ಬಂತು. ಧಾರವಾಡದಾಗ ಇದ್ದಾಕಿ ಮನ್ಯಾಗ ಇದ್ದೆ ಅಂತ ಯಾಕ ಹೇಳಿದ್ಲು? ಅಲ್ಲೇನೋ ನಡದೈತಿ! ಆಮೇಲೆ ಸರ್ಟಿಫಿಕೇಟು ಹಿಡಿದು ತೋರಿಸಿದರೂ ಯಾರೂ ನಂಬಲಿಲ್ಲ. ದಾನವ್ವ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು.

ಸಂದರ್ಶನ ಮುಗಿದ ಆ ಸಂಜೆ ಬಸ್ ನಿಲ್ದಾಣದಲ್ಲಿ ಚನ್ನೇಶ ಕಾಯುತ್ತಿದ್ದ.

"ನೇತ್ರಾ ಅವ್ರ... ಬ್ಯಾಡ ಅಂದವ ನಾನ. ಆದ್ರ ನಿಮ್ಮ ಆ ಎರಡು ವರ್ಷದ ಸಲುವಾಗಿ ಅಲ್ರಿ! ಬರೇ ಬಿಇ ಅಂದ್ರ ಹೆಣ್ಣು ಕೊಡಂಗಿಲ್ಲಂತ ನಮ್ಮವ್ವ ಸುಳ್ಳ ಎಂಬಿಎ ಬರಸಿದ್ಲು. ಖರೇ ಹೇಳೂನು ಅಂದೆ, ಒಪ್ಪಲಿಲ್ಲ. ನಿಮಗ ಸುಳ್ಳ ಹೇಳಿ ತಾಳಿ ಕಟ್ಟಾಕ ನನಗ ಮನಸ್ಸ ಬರಲಿಲ್ಲ. ನಾ ಬ್ಯಾಡ ಅಂದಕೂಡ್ಲೆ, ಯಾಕಂತ ಮಂದಿ ಕೇಳ್ತಾರಂತ, ನೀವು ಧಾರವಾಡದಾಗ ಇದ್ದದ್ದನ್ನ ಯಾರದೋ ಬಾಯಿಂದ ಕೇಳಿ ಅವ್ವ ಆ ಮಾತು ಹುಟ್ಟಿಸಿದ್ಲು."

"ನಿಮಗ ಗೊತ್ತಿತ್ತಾ?"

"ಗೊತ್ತಿತ್ತು."

"ಸುಮ್ಮನಿದ್ರಿ?!"

"...ಇದ್ದೆ."

ನೇತ್ರಾಳ ಕಣ್ಣು ತುಂಬಿದವು. "ಧಾರವಾಡದಾಗ ನಾ ಎಂಬಿಎ ಓದಾಕತ್ತಿದ್ದೆ! ಓದಿದ್ದಕ್ಕ ಈ ಶಿಕ್ಷಾ! ನಿಮ್ಮ ಖರೇತನ ನೀವ ಇಟ್ಟಕೊಂಡ್ರಿ, ಮಂದಿ ಮಾತು ನನ್ನ ಮ್ಯಾಲ ಬಿಟ್ರಿ!"

ಹಾನಗಲ್ ಬಸ್ಸು ಬಂತು. ಅವಳು ಆಧಾರ್ ಕಾರ್ಡ್ ತೋರಿಸಿ ಕಿಟಕಿ ಪಕ್ಕ ಕುಳಿತಳು. ಹಿಂದಿನಿಂದ ದನಿ ಕೇಳಿತು.

"ಹಾನಗಲ್, ಒಂದು. ಅಲ್ಲಿಂದ ತಿಳವಳ್ಳಿಗೆ ಬಸ್ಸು ಐತೇನ್ರಿ?"

ಹುಚ್ಚ! ಇವನೆಲ್ಲಿಗೆ?

ಹಾನಗಲ್‌ನಲ್ಲಿ ಬಸ್ಸು ಬದಲಿಸಿದಾಗ ಅವನೂ ಅವಳ ಹಿಂದೆಯೇ ತಿಳವಳ್ಳಿ ಬಸ್ಸು ಹತ್ತಿದ.

ದಾನವ್ವ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ಊರ ತುಂಬ ಮಾತು ಹಬ್ಬಿಸಿದ ಪಕ್ಕದ ಮನೆಯ ಚೌಡವ್ವನೂ ಅಲ್ಲೇ ಇದ್ದಳು. ಚನ್ನೇಶ ಚೌಡವ್ವನ ಎದುರಿಗೇ ದಾನವ್ವನಿಗೆ ಎಲ್ಲವನ್ನೂ ಹೇಳಿದ. ತನ್ನ ಸುಳ್ಳು ಎಂಬಿಎ, ತನ್ನವ್ವನ ಮಾತು, ತನ್ನ ಹೇಡಿತನ... ಯಾವುದನ್ನೂ ಬಿಡಲಿಲ್ಲ.

"ನಿಮ್ಮ ಮಗಳದೇನೂ ತಪ್ಪಿಲ್ರಿ ಅವ್ವಾರ."

ದಾನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮವ್ವನ್ನ ಹೆಂಗ ಬೈಲೆಪಾ? ಅಕಿ ಇಲ್ಲದ್ದು ಬರಸಿದ್ಲು, ನಾ ಇದ್ದದ್ದು ಅಳಿಸಿದೆ. ನೇತ್ರಾ... ನಿನ್ನ ಬಾಯಿ ನಾನ ಮುಚ್ಚಿಸಿದೆನವ್ವ."

ಚೌಡವ್ವ ಮೆಲ್ಲಗೆ ಎದ್ದು ಹೋದಳು. ಕೆಟ್ಟ ಮಾತು ಊರು ಸುತ್ತಿದಷ್ಟು ಬೇಗ ಈ ಮಾತು ಸುತ್ತುವುದಿಲ್ಲ ಎಂದು ನೇತ್ರಾಳಿಗೆ ಗೊತ್ತಿತ್ತು. ಆ ಎಂಟು ತಿಂಗಳನ್ನು ಯಾರೂ ತಿರುಗಿ ಕೊಡಲಾರರು.

ಚನ್ನೇಶ ಹೊರಟಾಗ ಅವಳು ಓಣಿಯ ತುದಿಯವರೆಗೆ ಬಂದಳು.

"ಒಂದ ಹೇಳಬೇಕು. ಆ ಕೆಲಸ ನಿಮಗ ಸಿಗಂಗಿಲ್ಲ. ಬ್ಯಾಡ ಅಂತ ನಾನ ಬರದುಕೊಟ್ಟೇನಿ."

"ಸಿಟ್ಟಿಗೇನ್ರಿ?"

"ಅಲ್ಲ. ಯಂತ್ರ ಗೊತ್ತೈತಿ, ಲೆಕ್ಕಾ ಗೊತ್ತಿಲ್ಲ ಅಂತ ಬರದೆ. ಇದ್ದದ್ದ ಇದ್ದಂಗ."

ಅವನು ನಕ್ಕ. ನೋವಿನ ನಗು. "ನಮ್ಮಿಬ್ಬರ ಬಗ್ಗೆ ಈವರೆಗೆ ಬರದದ್ರಾಗ ಖರೇ ಅಂದ್ರ ಅದೊಂದ ನೋಡ್ರಿ."

ಅವನು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ.

"ನೇತ್ರಾ... ಕೆಲಸ ಹೋದ್ರ ಹೋಗಲಿ. ನಿಮ್ಮನ್ನ ಮರಿಯಾಕ ಆಗಿಲ್ರಿ. ನಾ ಮತ್ತ ಬರಲೇನು?"

"ಹೂಂ ಅನ್ನಾಕ ಮನಸ್ಸು ಒದ್ದಾಡಾಕತ್ತೈತಿ... ಅದಕ್ಕ ನನಗ ಇಷ್ಟ ಸಿಟ್ಟು!"

"ಸಿಟ್ಟಿನಾಗ ಅಂದ್ರೂ ನಡೀತೈತ್ರಿ."

ನೇತ್ರಾ ಕಣ್ಣೊರೆಸಿಕೊಂಡಳು. ಮುಖ ಆಚೆ ತಿರುಗಿಸಿಯೇ ಅಂದಳು.

"ಹೂಂ."